ಕೈಗಾರಿಕೆಯ ಕಿರಣಚಿತ್ರಣ: ಅವಘಡಗಳೂ ಅವುಗಳ ನಿವೇದನವೂ

ಬೆಳಗಾವಿ ಜಿಲ್ಲೆಯ ಹುಕ್ಕೇರಿ ತಾಲ್ಲೂಕಿಗೆ ಸೇರಿದ ಯಮಕನಮರಡಿಯು ಪುಣೆ-ಬೆಂಗಳೂರು ಹೆದ್ದಾರಿಯ ಮಗ್ಗುಲಿನ ಊರು. ಮರಡಿಯೆಂದರೆ ಕಲ್ಲುನೆಲದ ದಿಣ್ಣೆ. ಹೆಸರಿನಲ್ಲಿ ಕಲ್ಲನ್ನು ಇರಿಸಿಕೊಂಡಿರುವ ಈ ಊರಿನ ಸುತ್ತಲೂ ಈಗ ಉಕ್ಕಿನ ವ್ಯವಹಾರವು ಬೆಳೆದುನಿಂತಿದೆ. ಹತ್ತಿರದ ಹತ್ತರಗಿಯಲ್ಲಿ ವಿಮಾನಗಳ ಬಿಡಿಭಾಗಗಳನ್ನು ಸಿದ್ಧಪಡಿಸುವ ವಿಶೇಷ ಆರ್ಥಿಕ ವಲಯವಿದೆ. ಸಂಕೇಶ್ವರದಲ್ಲಿ ಹಿರಣ್ಯಕೇಶಿಯ ಹೆಸರಿನ ಸಕ್ಕರೆ ಕಾರಖಾನೆಯಿದೆ. ಘಟಪ್ರಭೆಗೆ ಅಡ್ಡವಾಗಿ ಹಿಡಕಲ್ಲಿನ ಅಣೆಕಟ್ಟಿದೆ. ದಕ್ಷಿಣಕ್ಕೆ ಬೆಳಗಾವಿಯ ಉದ್ಯಮಬಾಗದಲ್ಲಿ ಎರಕದ ಕಾರಖಾನೆಗಳು ಸಾಲುಸಾಲಾಗಿವೆ. 2013ರಲ್ಲಿ ಕಾರ್ಯಾರಂಭವಾದ ದಾಭೋಳ-ಬೆಂಗಳೂರು ಅನಿಲದ ಕೊಳವೆಮಾರ್ಗವೂ ಇದೇ ಜಿಲ್ಲೆಯ ನೆಲದಡಿಯಲ್ಲಿ ಹಾದುಹೋಗಿದೆ. ಎರಕವಾಗಲಿ, ಬಾಯ್ಲರಾಗಲಿ, ಕೊಳವೆಯಾಗಲಿ, ಇವೆಲ್ಲದರ ವಿಷಯದಲ್ಲಿ ಏಳುವ ಪ್ರಶ್ನೆಯೊಂದೇ: ಹೊರಗೆ ನುಣುಪಾಗಿ ತೋರುವ ಈ ಲೋಹದ ಒಡಲಿನಲ್ಲಿ ಬಿರುಕೋ ಗುಳ್ಳೆಯೋ ಅಡಗಿದೆಯೇ? ಒಡೆದು ನೋಡಿದರೆ ಉತ್ತರವು ದೊರೆಯುವುದು, ಆದರೆ ವಸ್ತುವು ಉಳಿಯದು. ಒಡೆಯದೆ ನೋಡುವ ಉಪಾಯಗಳಲ್ಲಿ ಪ್ರಸಿದ್ಧವಾದದ್ದು ಕಿರಣಚಿತ್ರಣ; ಕೆಲಸಗಾರರ ಬಾಯಲ್ಲಿ ಅದು ರೇಡಿಯೋಗ್ರಫಿ.

ಯಮಕನಮರಡಿಯಲ್ಲಿ ಇಂಥ ಅವಘಡವೊಂದು ಸಂಭವಿಸಿತೆಂದು ಹೇಳುವುದು ಪ್ರಕೃತ ಲೇಖನದ ಉದ್ದೇಶವಲ್ಲ. ಇಂಥ ಕೆಲಸವು ನಡೆಯಬಹುದಾದ ಯಾವ ಊರಿಗೂ ಅನ್ವಯಿಸುವ ಸಂಗತಿಯನ್ನು ಆ ಊರಿನ ಕಡೆಯಿಂದ ನೋಡುವುದಷ್ಟೇ ಇಲ್ಲಿಯ ಪ್ರಯತ್ನ. ಸಾಹಿತ್ಯಾಧ್ಯಾಪಕರು ಓದುವ ಪತ್ರಿಕೆಯಲ್ಲಿ ಈ ವಿಷಯಕ್ಕೆ ಎಡೆಯೆಲ್ಲಿಯದೆಂದು ಕೆಲವರಾದರೂ ಕೇಳಿಯಾರು. ಕಣ್ಣಿಗೆ ಕಾಣದ ಅಪಾಯವನ್ನು ಮಾತಿನಿಂದಲೇ ಅರಿಯಬೇಕಾಗಿ ಬಂದಾಗ, ಮಾತಿನ ಯೋಗ್ಯತೆಯನ್ನು ಪರೀಕ್ಷಿಸುವವರಿಗೂ ಅದರಲ್ಲಿ ಪಾಲುಂಟು. ಬೆಳ್ಳಾವೆ ವೆಂಕಟನಾರಣಪ್ಪನವರು ಮೊದಲಾದವರು 1918ರಲ್ಲಿ ‘ವಿಜ್ಞಾನ’ವೆಂಬ ಮಾಸಪತ್ರಿಕೆಯನ್ನು ಹೊರಡಿಸಿದ ಕಾಲದಿಂದಲೂ ಶಾಸ್ತ್ರದ ಕನ್ನಡವು ಪಂಡಿತರಿಗೆ ಹೊರಗಿನ ವಿಷಯವಾಗಿಲ್ಲ.

1895ನೆಯ ನವೆಂಬರ್ 8ರಂದು ಜರ್ಮನಿಯ ವ್ಯುರ್ಟ್ಸ್‌ಬುರ್ಗ್ ನಗರದಲ್ಲಿ ವಿಲ್ಹೆಲ್ಮ್ ರಾಂಟ್ಗೆನ್ನರು ಕ್ಷಕಿರಣಗಳನ್ನು ಕಂಡುಹಿಡಿದದ್ದು ಸರ್ವವಿದಿತವಾಗಿದೆ. ಅವರು ತಮ್ಮ ಪತ್ನಿಯ ಕೈಯ ಎಲುಬುಗಳ ಚಿತ್ರವನ್ನು ತೆಗೆದದ್ದೂ ಶಾಲೆಯ ಪುಸ್ತಕಗಳಲ್ಲಿ ಬಂದಿದೆ. ಲೋಹದ ತುಂಡಿನ ಒಳಗಿನ ಅಸಮತೆಯೂ ಈ ಕಿರಣಗಳಿಂದ ಗೋಚರವಾಗುವುದೆಂದು ಅವರು ತಮ್ಮ ಮೊದಲನೆಯ ಲೇಖನದಲ್ಲಿಯೇ ಬರೆದಿದ್ದರೆಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ. ಎಂದರೆ ಆಸ್ಪತ್ರೆಯ ಕಿರಣಚಿತ್ರವೂ ಕಾರಖಾನೆಯ ಕಿರಣಚಿತ್ರವೂ ಅವಳಿಗಳು. ಕಾರಖಾನೆಯ ಕೆಲಸಕ್ಕೆ ಎರಡು ಬಗೆಯ ಸಾಧನಗಳುಂಟು. ವಿದ್ಯುತ್ತಿನಿಂದ ನಡೆಯುವ ಕ್ಷಕಿರಣಯಂತ್ರವು ಮೊದಲನೆಯದು. ಗುಂಡಿಯನ್ನು ಆರಿಸಿದೊಡನೆ ಅದರ ಕಿರಣವು ನಿಲ್ಲುವುದು. ಎರಡನೆಯದು ಇರಿಡಿಯಮ್-192, ಕೋಬಾಲ್ಟ್-60 ಮೊದಲಾದ ವಿಕಿರಣಶೀಲ ಧಾತುಗಳ ಚೂರು. ಅದು ಗಾಮಾಕಿರಣಗಳನ್ನು ಹಗಲಿರುಳೆನ್ನದೆ ಸೂಸುತ್ತಿರುವುದು. ಅದನ್ನು ಆರಿಸುವ ಗುಂಡಿಯಿಲ್ಲ, ಮುಚ್ಚಿಡಬಹುದು, ಅಷ್ಟೇ. ಇರಿಡಿಯಮಿನ ಬಲವು ಸುಮಾರು 74 ದಿನಗಳಿಗೊಮ್ಮೆ ಅರ್ಧವಾಗುತ್ತ ಹೋಗಿ, ವರ್ಷವೊಂದರಲ್ಲಿ ಮೂವತ್ತರಲ್ಲೊಂದು ಪಾಲಿನಷ್ಟು ಉಳಿಯುವುದು. ಕೋಬಾಲ್ಟಿನ ಅರ್ಧಾಯುಷ್ಯವಾದರೋ ಐದು ವರ್ಷಗಳಿಗೆ ಮಿಗಿಲು. ವಿದ್ಯುತ್ತಿಲ್ಲದ ಬಯಲಿನಲ್ಲಿಯೂ, ಏಣಿಯ ಮೇಲೆಯೂ, ಕೊಳವೆಯ ಸಂದಿನಲ್ಲಿಯೂ ಒಯ್ಯಬಹುದಾದ್ದರಿಂದ ಇರಿಡಿಯಮಿಗೆ ಮನ್ನಣೆ ಹೆಚ್ಚು.

ಈ ಚೂರನ್ನು ತುಕ್ಕುಹಿಡಿಯದ ಉಕ್ಕಿನ ಸಣ್ಣ ಕೋಶದಲ್ಲಿ ಬೆಸೆದು, ಆ ಕೋಶವನ್ನು ಗಿಡ್ಡನೆಯ ತಂತಿಯೊಂದರ ತುದಿಗೆ ಜೋಡಿಸಿ, ಸೀಸ, ಟಂಗ್‌ಸ್ಟನ್ ಅಥವಾ ಯುರೇನಿಯಮಿನಂಥ ಭಾರವಾದ ಲೋಹದ ಪೆಟ್ಟಿಗೆಯೊಳಗೆ ಇಟ್ಟಿರುವರು. ಪೆಟ್ಟಿಗೆಯ ಒಂದು ಕಡೆಗೆ ಉದ್ದವಾದ ಚಾಲಕತಂತಿಯೂ ಅದನ್ನು ತಿರುಗಿಸುವ ಹಿಡಿಕೆಯೂ, ಮತ್ತೊಂದು ಕಡೆಗೆ ಬೆಸುಗೆಯವರೆಗೆ ಚಾಚುವ ಬಳುಕುನಳಿಗೆಯೂ ಇರುವುವು. ದೂರದಲ್ಲಿ ನಿಂತು ಹಿಡಿಕೆಯನ್ನು ತಿರುಗಿಸಿದರೆ ಕೋಶವು ಪೆಟ್ಟಿಗೆಯಿಂದ ಹೊರಟು ನಳಿಗೆಯ ತುದಿಯನ್ನು ಸೇರುವುದು. ಕಿರಣಗಳು ಉಕ್ಕನ್ನು ತೂರಿ ಆಚೆಯ ಫಿಲ್ಮಿನ ಮೇಲೆ ಬೀಳುವುವು. ಲೋಹವು ತೆಳುವಾಗಿರುವಲ್ಲಿ, ಅಂದರೆ ಗುಳ್ಳೆಯೋ ಬಿರುಕೋ ಇರುವಲ್ಲಿ, ಫಿಲ್ಮು ಹೆಚ್ಚು ಕಪ್ಪಾಗುವುದು. ಕಾಲಾವಧಿ ಮುಗಿದ ಮೇಲೆ ಹಿಡಿಕೆಯನ್ನು ಹಿಂದಕ್ಕೆ ತಿರುಗಿಸಿ ಕೋಶವನ್ನು ಪೆಟ್ಟಿಗೆಗೆ ತಂದು, ಕಿರಣಮಾಪಕವನ್ನು ಕೈಯಲ್ಲಿ ಹಿಡಿದು ಹತ್ತಿರ ಹೋಗಿ, ಕೋಶವು ನಿಜವಾಗಿಯೂ ಒಳಸೇರಿತೇ ಎಂಬುದನ್ನು ಪ್ರತಿಸಲವೂ ಅಳೆದು ನಿಶ್ಚಯಿಸಿಕೊಳ್ಳಬೇಕು. ಕೆಲಸಗಾರರು ಈ ಪೆಟ್ಟಿಗೆಯನ್ನು ಕ್ಯಾಮೆರಾ ಎನ್ನುವರು. ಇದಕ್ಕಿಂತ ದಾರಿ ತಪ್ಪಿಸುವ ಹೆಸರು ಸಿಕ್ಕುವುದು ಕಷ್ಟ. ಲೋಕದಲ್ಲಿ ಕ್ಯಾಮೆರಾ ಎಂಬುದು ಹೊರಗಿನ ಬೆಳಕನ್ನು ಒಳಗೆ ಬಿಟ್ಟುಕೊಳ್ಳುವ ಪೆಟ್ಟಿಗೆ. ಇದಾದರೋ ಒಳಗಿನದನ್ನು ಹೊರಗೆ ಬಿಡುವ ಪೆಟ್ಟಿಗೆ. ಹೊಸದಾಗಿ ಕೆಲಸಕ್ಕೆ ಸೇರಿದ ಸಹಾಯಕನು ಆ ನಿರಪಾಯವಾದ ಹೆಸರನ್ನು ಕೇಳಿ ನಿರಪಾಯವಾದ ವಸ್ತುವನ್ನೇ ಊಹಿಸಿಕೊಂಡರೆ ತಪ್ಪು ಅವನೊಬ್ಬನದಲ್ಲ.

ಅನಿಲದ ಕೊಳವೆಮಾರ್ಗದಲ್ಲಿ ಒಂದೊಂದು ಕೊಳವೆಯು ಸುಮಾರು 12 ಮೀಟರ್ ಉದ್ದವೆಂದು ಇಟ್ಟುಕೊಂಡರೆ, ಕಿಲೋಮೀಟರಿಗೆ ಎಂಬತ್ತಕ್ಕೂ ಹೆಚ್ಚು ಬೆಸುಗೆಗಳಾಗುವುವು. ಸಾವಿರ ಕಿಲೋಮೀಟರಿನ ಮಾರ್ಗಕ್ಕೆ ಎಂಬತ್ತು ಸಾವಿರ. ಇಂಥ ಮಾರ್ಗಗಳಲ್ಲಿ ಕೊಳವೆಯ ಒಳಗೇ ತೆವಳುವ ಕ್ಷಕಿರಣಯಂತ್ರವನ್ನಾಗಲಿ, ಹೊರಗಿನಿಂದ ಇರಿಡಿಯಮನ್ನಾಗಲಿ ಬಳಸಿ ಬೆಸುಗೆಗಳ ಚಿತ್ರವನ್ನು ತೆಗೆಯುವುದು ರೂಢಿ. ಬೇರೆ ಕೆಲಸಗಾರರಿಲ್ಲದ ವೇಳೆಯೇ ಇದಕ್ಕೆ ಪ್ರಶಸ್ತವಾದ್ದರಿಂದ ಬಹುಮಟ್ಟಿಗೆ ರಾತ್ರಿಯಲ್ಲಿ ನಡೆಯುವುದು. ಚಿತ್ರಗಳ ಲೆಕ್ಕದಿಂದ ಹಣವು ಸಲ್ಲುವೆಡೆಯಲ್ಲಿ ಅವಸರವೂ ಸೇರಿಕೊಳ್ಳುವುದು. ನಿದ್ದೆಗಣ್ಣು, ಕತ್ತಲೆ, ಅವಸರ, ಇವು ಮೂರೂ ಕೂಡಿದಾಗ ಮೊದಲು ಬಿಟ್ಟುಹೋಗುವುದು ಕಿರಣಮಾಪಕದಿಂದ ಅಳೆಯುವ ಆ ಕೊನೆಯ ಹೆಜ್ಜೆ.

ಅವಘಡದ ಮೂಲವು ಬಹಳ ಕಡೆಗಳಲ್ಲಿ ಒಂದೇ. ಚಾಲಕತಂತಿಗೂ ಕೋಶದ ಗಿಡ್ಡತಂತಿಗೂ ಇರುವ ಕೊಂಡಿ ಸರಿಯಾಗಿ ಕೂಡಿರುವುದಿಲ್ಲ, ಅಥವಾ ಸವೆದಿರುತ್ತದೆ. ಮುಂದಕ್ಕೆ ನೂಕುವಾಗ ಕೋಶವು ಹೋಗುತ್ತದೆ. ಹಿಂದಕ್ಕೆ ಎಳೆಯುವಾಗ ತಂತಿಯೊಂದೇ ಮರಳುತ್ತದೆ. ಹಿಡಿಕೆಯು ಪೂರ್ತಿಯಾಗಿ ತಿರುಗಿದ್ದರಿಂದ ನಡೆಸುವವನು ಕೆಲಸವಾಯಿತೆಂದು ನಂಬುತ್ತಾನೆ. ಕೋಶವು ನಳಿಗೆಯಲ್ಲಿಯೇ ಉಳಿದು, ನಳಿಗೆಯನ್ನು ಬಿಚ್ಚುವಾಗ ನೆಲಕ್ಕೆ ಬೀಳುತ್ತದೆ. ಬೆರಳಷ್ಟು ಉದ್ದದ ಹೊಳೆಯುವ ಲೋಹದ ತುಂಡು. ಬೆಳಗ್ಗೆ ಅದನ್ನು ಕಂಡವನು ಎತ್ತಿಕೊಳ್ಳದೆ ಹೋಗುವುದು ಕಷ್ಟ.

ಎತ್ತಿಕೊಂಡರೆ ಆಗುವುದೇನೆಂಬುದನ್ನು ಲೆಕ್ಕದಿಂದ ತಿಳಿಯಬಹುದು. 20 ಕ್ಯೂರಿಯ, ಎಂದರೆ 740 ಗಿಗಾಬೆಕೆರೆಲ್ ಬಲದ ಇರಿಡಿಯಮಿನಿಂದ ಒಂದು ಮೀಟರ್ ದೂರದಲ್ಲಿ ನಿಂತವನಿಗೆ ಗಂಟೆಯೊಂದರಲ್ಲಿ ಸುಮಾರು 100 ಮಿಲಿಸೀವರ್ಟ್ ತಗಲುವುದು. ದೂರದ ವರ್ಗಕ್ಕೆ ವಿಲೋಮವಾಗಿ ಬಲವು ಇಳಿಯುವುದರಿಂದ ಹತ್ತು ಮೀಟರಿನಲ್ಲಿ ಅದು 1 ಮಿಲಿಸೀವರ್ಟ್ ಮಾತ್ರ. ಭಾರತದಲ್ಲಿ ಸಾಮಾನ್ಯ ಪ್ರಜೆಗೆ ವರ್ಷಕ್ಕೆ ಗೊತ್ತುಮಾಡಿರುವ ಮಿತಿಯು ಇಷ್ಟೇ; ಕಿರಣದ ಕೆಲಸಗಾರನಿಗೆ ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20, ಯಾವ ಒಂದು ವರ್ಷದಲ್ಲಿಯೂ 30ನ್ನು ಮೀರಕೂಡದು. ಇನ್ನು ಹತ್ತಿರಕ್ಕೆ ಬಂದರೆ ಅದೇ ನಿಯಮವು ನಿರ್ದಯವಾಗುವುದು. ಒಂದು ಸೆಂಟಿಮೀಟರಿನಲ್ಲಿ ಬಲವು ಮೀಟರಿನಲ್ಲಿರುವುದಕ್ಕಿಂತ ಹತ್ತು ಸಾವಿರ ಪಟ್ಟು. ನಿಮಿಷವೊಂದರಲ್ಲಿ ಸುಮಾರು 16 ಸೀವರ್ಟ್. ಚರ್ಮವು ಕೆಂಪೇರುವುದಕ್ಕೆ ಅದರ ಕಾಲು ಭಾಗವೇ ಸಾಕಾದೀತು. ಇಷ್ಟಾದರೂ ಆ ಕ್ಷಣದಲ್ಲಿ ಬಿಸಿಯೂ ಇಲ್ಲ, ನೋವೂ ಇಲ್ಲ, ವಾಸನೆಯೂ ಇಲ್ಲ. ಕೆಂಪು ಕೆಲವು ಗಂಟೆಗಳಲ್ಲಿಯೋ ದಿನಗಳಲ್ಲಿಯೋ ಏಳುವುದು. ಬೊಬ್ಬೆಗಳು ಎರಡು ಮೂರು ವಾರಗಳ ಮೇಲೆ. ಮಾಂಸವು ಕೊಳೆಯುವುದು ಅನಂತರ. ಕಾರ್ಯಕಾರಣಗಳ ನಡುವೆ ಬೀಳುವ ಈ ಕಾಲದ ಅಂತರದಲ್ಲಿಯೇ ಅನೇಕ ಅವಘಡಗಳು ವರದಿಯಾಗದೆ ಕಳೆದುಹೋಗುವುವು.

ಈ ಶಾಸ್ತ್ರದ ಚರಿತ್ರೆಯಲ್ಲಿ ಅಂಗಿಯ ಕಿಸೆಗೆ ವಿಲಕ್ಷಣವಾದ ಸ್ಥಾನವುಂಟು. ವಿಕಿರಣಶೀಲತೆಯನ್ನು ಕಂಡುಹಿಡಿದ ಆಂರಿ ಬೆಕೆರೆಲ್ಲರೇ 1901ರಲ್ಲಿ ರೇಡಿಯಮಿನ ನಳಿಗೆಯನ್ನು ಕಿಸೆಯಲ್ಲಿಟ್ಟುಕೊಂಡು ಎದೆಯ ಚರ್ಮವನ್ನು ಸುಟ್ಟುಕೊಂಡರು. ಸುಮಾರು ನೂರು ವರ್ಷಗಳ ಮೇಲೆ, 1999ರ ಫೆಬ್ರವರಿ 20ರಂದು, ಪೆರು ದೇಶದ ಯಾನಾಂಗೋ ಜಲವಿದ್ಯುತ್ ಕೇಂದ್ರದಲ್ಲಿ ಬೆಸುಗೆಗಾರನೊಬ್ಬನು ನೆಲದ ಮೇಲೆ ಬಿದ್ದಿದ್ದ ಇರಿಡಿಯಮ್ ಕೋಶವನ್ನು ಎತ್ತಿ ಇಜಾರಿನ ಹಿಂಗಿಸೆಯಲ್ಲಿ ಇಟ್ಟುಕೊಂಡನು. ಅದರ ಬಲ 37 ಕ್ಯೂರಿ. ಹಲವು ಗಂಟೆಗಳ ಕಾಲ ಅದು ಅವನ ತೊಡೆಗೆ ಅಂಟಿಕೊಂಡಿತ್ತು. ನೋವೆದ್ದಾಗ ಹುಳು ಕಚ್ಚಿರಬೇಕೆಂಬ ನಿದಾನವಾಯಿತು. ಮನೆಗೆ ಹೋಗಿ ಇಜಾರನ್ನು ಕಳಚಿದನು. ಹೆಂಡತಿಯೂ ಮಕ್ಕಳೂ ಆ ಕೋಣೆಯಲ್ಲಿದ್ದರು. ಅತ್ತ ರಾತ್ರಿ ಚಿತ್ರ ತೆಗೆಯಹೊರಟವರು ಫಿಲ್ಮನ್ನು ತೊಳೆದು ನೋಡಿದರೆ ಅದರಲ್ಲಿ ಏನೂ ಮೂಡಿರಲಿಲ್ಲ. ಪೆಟ್ಟಿಗೆಯು ಬರಿದಾಗಿದೆಯೆಂದು ಹೇಳಿದ ಮೊದಲನೆಯ ಸಾಕ್ಷಿ ಆ ಬಿಳಿಯ ಫಿಲ್ಮು. ಹುಡುಕುತ್ತ ಹುಡುಕುತ್ತ ನಡುರಾತ್ರಿ ಕಳೆದ ಮೇಲೆ ಅವನ ಮನೆಯಲ್ಲಿ ಕೋಶವು ಸಿಕ್ಕಿತು. ಆ ಬೆಸುಗೆಗಾರನು ಕಾಲನ್ನು ಕಳೆದುಕೊಂಡನು. ಅಳೆಯದೆ ಬಿಟ್ಟ ಒಂದು ಹೆಜ್ಜೆಗೂ ಕಡಿದುಹಾಕಿದ ಕಾಲಿಗೂ ನಡುವೆ ಇದ್ದದ್ದು ಒಂದು ಹಗಲು ಮಾತ್ರ.

ಯಾನಾಂಗೋವಿನಲ್ಲಿ ಅದೇ ರಾತ್ರಿ ಸುದ್ದಿ ತಿಳಿಯಿತು. ಮೊರಾಕ್ಕೋವಿನ ಮೊಹಮ್ಮದಿಯಾದಲ್ಲಿ ಅಂಥ ಭಾಗ್ಯವಿರಲಿಲ್ಲ. 1984ರಲ್ಲಿ ಅಲ್ಲಿ ವಿದ್ಯುದಾಗಾರವೊಂದನ್ನು ಕಟ್ಟುತ್ತಿದ್ದಾಗ ಕಳಚಿಬಿದ್ದ ಇರಿಡಿಯಮ್ ಕೋಶವನ್ನು ದಾರಿಹೋಕನೊಬ್ಬನು ಮನೆಗೆ ಒಯ್ದನು. ಒಬ್ಬರ ಹಿಂದೆ ಒಬ್ಬರಂತೆ ಎಂಟು ಮಂದಿ ತೀರಿಕೊಂಡರು. ಮೊದಲು ಜನರೂ ವೈದ್ಯರೂ ವಿಷಪ್ರಾಶನವನ್ನು ಶಂಕಿಸಿದರು. 2000ನೆಯ ಮೇ ತಿಂಗಳಲ್ಲಿ ಈಜಿಪ್ಟಿನ ಮೀತ್ ಹಲ್ಫಾ ಎಂಬ ಹಳ್ಳಿಯಲ್ಲಿ ರೈತನೊಬ್ಬನು, ಕೊಳವೆಮಾರ್ಗದ ಬೆಸುಗೆಗಳನ್ನು ಪರೀಕ್ಷಿಸುವಾಗ ಕಳೆದುಹೋಗಿದ್ದ ಕೋಶವನ್ನು, ಬೆಲೆಬಾಳುವ ಲೋಹವೆಂದು ಭಾವಿಸಿ ಮನೆಯಲ್ಲಿ ಇಟ್ಟುಕೊಂಡನು. ಜೂನ್ ತಿಂಗಳಲ್ಲಿ ಅವನೂ ಅವನ ಎಳೆಯ ಮಗನೂ ಸತ್ತರು. ಮೀತ್ ಹಲ್ಫಾವನ್ನು ತೆಗೆದು ಅದರ ಸ್ಥಾನದಲ್ಲಿ ಹುಕ್ಕೇರಿ ಸೀಮೆಯ ಯಾವ ಹಳ್ಳಿಯನ್ನು ಇಟ್ಟು ನೋಡಿದರೂ ಕಥೆಯಲ್ಲಿ ಬದಲಾಗುವುದೇನೂ ಇಲ್ಲ: ಹೊಲದ ಅಂಚಿನಲ್ಲಿ ಹಾದುಹೋಗುವ ಕೊಳವೆ, ರಾತ್ರಿ ಬಂದು ಬೆಳಗಾಗುವುದರೊಳಗೆ ಹೊರಟುಹೋಗುವ ಕೆಲಸಗಾರರು, ಹೊಳೆಯುವ ಒಂದು ತುಂಡು.

ಭಾರತದ ಅವಘಡಗಳಲ್ಲಿ ಅಂತರರಾಷ್ಟ್ರೀಯ ಪಟ್ಟಿಗಳಿಗೆ ಏರಿದವು 1985ರ ವಿಶಾಖಪಟ್ಟಣ ಮತ್ತು ಯಮುನಾನಗರದವು, 1989ರ ಗುಜರಾತಿನ ಹಜೀರಾದ್ದು. ಮೂರೂ ಕಿರಣಚಿತ್ರಣದ ಪೆಟ್ಟಿಗೆಗೆ ಸಂಬಂಧಪಟ್ಟವು. ಮೂರರಲ್ಲಿಯೂ ಗಾಯವಾದದ್ದು ಕೈಗೆ ಅಥವಾ ಬೆರಳಿಗೆ. ಗಾಯವು ಬಿದ್ದ ಸ್ಥಾನವೇ ಇಲ್ಲಿ ಕಥೆಯನ್ನು ಹೇಳುವುದು. ದೂರದಿಂದ ಹಿಡಿಕೆಯಲ್ಲಿ ನಡೆಯಬೇಕಾದ ಕೆಲಸವು ಹೇಗೋ ಕೈಗೆ ಬಂದಿತ್ತೆಂದು ತಿಳಿಯಲು ಬೇರೆ ವ್ಯಾಖ್ಯಾನವು ಬೇಡ. 2010ರ ಮಾಯಾಪುರಿಯ ಪ್ರಕರಣವು ಕಿರಣಚಿತ್ರಣದ್ದಲ್ಲವಾದರೂ ವರದಿಯ ವಿಷಯದಲ್ಲಿ ಸ್ಮರಣೀಯವಾಗಿದೆ. ದೆಹಲಿ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗದಲ್ಲಿ 1985ರಿಂದ ಬಳಕೆಯಿಲ್ಲದೆ ಬಿದ್ದಿದ್ದ ಕೋಬಾಲ್ಟ್ ಯಂತ್ರವು ಆ ವರ್ಷದ ಫೆಬ್ರವರಿಯಲ್ಲಿ ಹರಾಜಾಗಿ ಗುಜರಿಯ ಅಂಗಡಿಗೆ ಬಂದಿತು. ಬೆಳಗಾವಿ ಸೀಮೆಯವರು ಮೋಡಕಾ ಎನ್ನುವುದು ಇದನ್ನೇ. ಅಲ್ಲಿ ಅದನ್ನು ಒಡೆದರು. ಚೂರೊಂದು ಒಬ್ಬನ ಹಣದ ಚೀಲದಲ್ಲಿಯೂ ಸೇರಿತು. ಏಪ್ರಿಲ್ 7ರಂದು ಆಸ್ಪತ್ರೆಯೊಂದರಿಂದ ನಿಯಂತ್ರಣ ಮಂಡಳಿಗೆ ಸೂಚನೆಯು ಬಂದ ಮೇಲೆಯೇ ವಿಷಯವು ಬೆಳಕಿಗೆ ಬಂದದ್ದು. ಒಬ್ಬನು ಸತ್ತನು, ಏಳು ಮಂದಿಗೆ ಗಾಯಗಳಾದವು. ಮಾರಿದವರಿಗಾಗಲಿ ಕೊಂಡವರಿಗಾಗಲಿ ಹೇಳತಕ್ಕ ಮಾತೇ ಇರಲಿಲ್ಲ, ಏಕೆಂದರೆ ತಮ್ಮಲ್ಲಿದ್ದದ್ದು ಏನೆಂಬುದು ಅವರಿಗೆ ತಿಳಿದಿರಲಿಲ್ಲ. ಹೇಳಿದವರು ಗಾಯವನ್ನು ಓದಿದ ವೈದ್ಯರು.

ಇಲ್ಲಿ ಒಂದು ಭೇದವನ್ನು ಸ್ಪಷ್ಟಪಡಿಸುವುದು ಅಗತ್ಯ. ವೃತ್ತಪತ್ರಿಕೆಗಳು ಇಂಥ ಪ್ರಸಂಗಗಳಲ್ಲೆಲ್ಲ ‘ವಿಕಿರಣ ಸೋರಿಕೆ’ ಎಂದು ಬರೆಯುವುವು. ಸೋರುವುದು ದ್ರವವು, ಅನಿಲವು. ಮುಚ್ಚಿದ ಕೋಶದಿಂದ ಏನೂ ಸೋರುವುದಿಲ್ಲ. ದೀಪದಿಂದ ಬೆಳಕಿನಂತೆ ಕಿರಣವು ಹೊರಡುವುದು. ವಿಕಿರಣ, ಕಿರಣ ಎಂಬೆರಡೂ ‘ಚೆಲ್ಲು, ಎರಚು’ ಎಂಬರ್ಥದ ‘ಕೄ’ ಧಾತುವಿನಿಂದಲೇ ಆದವು. ಪದವನ್ನು ಕಟ್ಟಿದವರು ಅರ್ಥವನ್ನು ಬಲ್ಲವರು. ದೀಪದ ಮುಂದೆ ಕುಳಿತೆದ್ದವನು ತಾನೇ ದೀಪವಾಗುವುದಿಲ್ಲ. ಅಂತೆಯೇ ಇರಿಡಿಯಮ್ ಕೋಶದಿಂದ ಸುಟ್ಟುಕೊಂಡವನ ಮೈಯಿಂದ ಮತ್ತೊಬ್ಬನಿಗೆ ಏನೂ ಹತ್ತುವುದಿಲ್ಲ. ಬ್ರೆಜಿಲಿನ ಗೋಯಾನಿಯಾದಲ್ಲಿ 1987ರಲ್ಲಿ ಆದದ್ದು ಬೇರೆಯ ಬಗೆ: ಅಲ್ಲಿ ಸೀಸಿಯಮ್ ಪುಡಿಯ ಕೋಶವೇ ಒಡೆದು, ಪುಡಿಯು ಮೈಗೂ ಮನೆಗೂ ಹರಡಿ, ನಾಲ್ವರು ಸತ್ತರು. ಅಲ್ಲಿ ತೊಳೆಯಬೇಕಾದ್ದಿತ್ತು, ಇಲ್ಲಿ ತೊಳೆಯಬೇಕಾದ್ದೇನೂ ಇಲ್ಲ. ಈ ಎರಡನ್ನೂ ಸೋರಿಕೆಯೆಂಬ ಒಂದೇ ಮಾತಿನಲ್ಲಿ ಕಟ್ಟಿದರೆ, ಅಂಟುಜಾಡ್ಯ ಮೈಲಿಗೆಗಳ ಹಳೆಯ ಭಯವು ಹೊಸ ವೇಷದಲ್ಲಿ ಬರುವುದು. ಗಾಯಗೊಂಡವನ ಮನೆಗೆ ಯಾರೂ ಕಾಲಿಡದಂತಾಗುವುದು. ಅದನ್ನು ಕಂಡ ಮತ್ತೊಬ್ಬನು ತನ್ನ ಗಾಯವನ್ನು ಬಾಯಿಬಿಟ್ಟು ಹೇಳಲಾರನು. ತಪ್ಪಾದ ಒಂದು ಪದದಿಂದ ವರದಿಯು ಅಡಗುವ ಬಗೆಯಿದು.

ಇನ್ನು ವರದಿಯ ಸ್ವರೂಪ. 1962ರ ಅಣುಶಕ್ತಿ ಅಧಿನಿಯಮವನ್ನು ಆಧರಿಸಿ 1983ರ ನವೆಂಬರ್ 15ರಂದು ಮುಂಬಯಿಯಲ್ಲಿ ಅಣುಶಕ್ತಿ ನಿಯಂತ್ರಣ ಮಂಡಳಿಯು ಸ್ಥಾಪಿತವಾಯಿತು. 2004ರಲ್ಲಿ ವಿಕಿರಣರಕ್ಷಣೆಯ ನಿಯಮಗಳು ಹೊರಬಿದ್ದವು. ಪರವಾನಗಿಯಿಲ್ಲದೆ ಕೋಶವನ್ನು ಇಟ್ಟುಕೊಳ್ಳಕೂಡದು, ತರಬೇತಿಯಿಲ್ಲದವನು ಪೆಟ್ಟಿಗೆಯನ್ನು ನಡೆಸಕೂಡದು, ವಿಕಿರಣ ಸುರಕ್ಷಾಧಿಕಾರಿಯೊಬ್ಬನು ಇರಲೇಬೇಕು ಎಂಬಿವು ಅವುಗಳ ಸಾರ. ಕೋಶವು ಕಳೆದರೆ, ಕಳುವಾದರೆ, ಯಾರಿಗಾದರೂ ಮಿತಿಮೀರಿ ಕಿರಣವು ತಗಲಿದರೆ ತಡಮಾಡದೆ ತಿಳಿಸಬೇಕು. ಅಪಾಯಕ್ಕೆಡೆಯಾಗಬಹುದಾದ ಸ್ಥಿತಿಯನ್ನು ಕಂಡ ಕೆಲಸಗಾರನೂ ಅದನ್ನು ಪರವಾನಗಿದಾರನಿಗೂ ಸುರಕ್ಷಾಧಿಕಾರಿಗೂ ತಿಳಿಸತಕ್ಕದ್ದೆಂದು ಆ ನಿಯಮಗಳು ಹೇಳಿದವು. ಈ ಕೊನೆಯ ವಿಧಿಯು ಗಮನಾರ್ಹವಾದದ್ದು. ಅವಘಡವಾದ ಮೇಲೆ ಹೇಳುವುದಲ್ಲದೆ, ಆಗಬಹುದಾಗಿದ್ದು ತಪ್ಪಿಹೋದದ್ದನ್ನೂ ಹೇಳಬೇಕು. ಕೊಂಡಿ ಸವೆದಿತ್ತು, ಸಕಾಲದಲ್ಲಿ ಕಂಡಿತು, ಬದಲಾಯಿಸಿದರು. ಯಾರಿಗೂ ಏನೂ ಆಗಲಿಲ್ಲ. ಇಂಥದನ್ನು ಬರೆದಿಡುವ ಅಭ್ಯಾಸವು ಎಲ್ಲಿಯೂ ಸುಲಭವಾಗಿ ಬೇರೂರಿಲ್ಲ. ಆಗದೆ ಹೋದದ್ದಕ್ಕೆ ಕನ್ನಡದಲ್ಲಿ ನೆಲೆಗೊಂಡ ಹೆಸರೂ ಇಲ್ಲ. ‘ತಪ್ಪಿದ ಅವಘಡ’ವೆಂದರೆ ಜನಕ್ಕೆ ತಿಳಿದೀತು. 1990ರಲ್ಲಿ ರೂಪುಗೊಂಡ ಅಂತರರಾಷ್ಟ್ರೀಯ ಮಾಪನಶ್ರೇಣಿಯು ಸೊನ್ನೆಯಿಂದ ಏಳರವರೆಗೆ ಘಟನೆಗಳನ್ನು ತೂಗುವುದು. ಮಾಯಾಪುರಿಯದು ನಾಲ್ಕನೆಯ ಮೆಟ್ಟಿಲು. ಸೊನ್ನೆಯೂ ಆ ಶ್ರೇಣಿಯಲ್ಲಿ ಒಂದು ಸ್ಥಾನವೆಂಬುದನ್ನು ಮರೆಯಲಾಗದು.

ಕಿರಣವನ್ನು ಪ್ರತ್ಯಕ್ಷದಿಂದ ತಿಳಿಯಲಾಗುವುದಿಲ್ಲ. ಐದು ಇಂದ್ರಿಯಗಳಲ್ಲಿ ಯಾವುದಕ್ಕೂ ಅದು ಗೋಚರವಲ್ಲ. ಉಳಿದದ್ದು ಅನುಮಾನ ಮತ್ತು ಶಬ್ದ. ಹೊಗೆಯಿಂದ ಬೆಂಕಿಯನ್ನು ಊಹಿಸುವಂತೆ ಮಾಪಕದ ಮುಳ್ಳಿನಿಂದ, ಎದೆಯ ಮೇಲಿನ ಬಿಲ್ಲೆಯಿಂದ ಕಿರಣವನ್ನು ಊಹಿಸಬೇಕು. ಭಾರತದ ಕೆಲಸಗಾರರು ಧರಿಸುವ ಬಿಲ್ಲೆಯಲ್ಲಿ ಕ್ಯಾಲ್ಸಿಯಮ್ ಸಲ್ಫೇಟನ್ನು ಟೆಫ್ಲಾನಿನಲ್ಲಿ ಬೆರೆಸಿ ಮಾಡಿದ ಮೂರು ತಟ್ಟೆಗಳಿರುವುವು. ತಗಲಿದ ಕಿರಣದ ಶಕ್ತಿಯನ್ನು ಅವು ಹಿಡಿದಿಟ್ಟುಕೊಂಡು, ಕಾಯಿಸಿದಾಗ ಬೆಳಕಾಗಿ ಹೊರಬಿಡುವುವು. ಆ ಬೆಳಕನ್ನು ಅಳೆದು ಲೆಕ್ಕ ಹಾಕುವರು. ಆದರೆ ಈ ಬಿಲ್ಲೆಯು ಎಚ್ಚರಿಸುವ ಗಂಟೆಯಲ್ಲ. ಮೂರು ತಿಂಗಳಿಗೊಮ್ಮೆ ಪ್ರಯೋಗಶಾಲೆಗೆ ಹೋದ ಮೇಲೆ ಹಿಂದಿನದನ್ನು ಹೇಳುವ ಸಾಕ್ಷಿ. ಸಾಕ್ಷಿಯೂ ಸುಳ್ಳಾಗಬಹುದು. ಬಿಲ್ಲೆಯನ್ನು ಕಳಚಿ ಪೆಟ್ಟಿಗೆಯ ಬಳಿ ಮರೆತುಬಂದರೆ, ಕಿರಣವು ತಗಲಿದ್ದು ಬಿಲ್ಲೆಗೆ, ಮನುಷ್ಯನಿಗಲ್ಲ. ನಿಯಂತ್ರಣ ಮಂಡಳ��ಯ ಪರಿಭಾಷೆಯಲ್ಲಿ ಇದು ‘ನೈಜವಲ್ಲದ’ ಮಿತಿಮೀರಿಕೆ. ತಾರ್ಕಿಕರು ಇದನ್ನು ಸವ್ಯಭಿಚಾರವೆಂಬ ಹೇತ್ವಾಭಾಸದಲ್ಲಿ ಸೇರಿಸಿಯಾರು: ಹೇತುವಿದೆ, ಸಾಧ್ಯವಿಲ್ಲ. ಇದಕ್ಕಿಂತ ಭಯಂಕರವಾದದ್ದು ಇದರ ತಿರುಗುಮುರುಗು: ಬಿಲ್ಲೆಯು ಗೂಡಿನಲ್ಲಿ ಭದ್ರವಾಗಿದೆ, ಮನುಷ್ಯನು ಕೋಶದ ಬಳಿ ಇದ್ದಾನೆ. ವರ್ಷದ ಲೆಕ್ಕಕ್ಕೆ ಹತ್ತಿರ ಬಂದವನು ಕೆಲಸವನ್ನು ಬಿಡಬೇಕಾದೀತೆಂಬ ಭಯವು ಈ ಎರಡನೆಯದಕ್ಕೆ ದಾರಿ ಮಾಡಬಲ್ಲದು.

ಅನುಮಾನವು ಹೀಗೆ ತಡೆದಾಗ ಶಬ್ದವೇ ಗತಿ. ನ್ಯಾಯಭಾಷ್ಯಕಾರನಾದ ವಾತ್ಸ್ಯಾಯನನು ಆಪ್ತನಿಗೆ ಎರಡು ಲಕ್ಷಣಗಳನ್ನು ಹೇಳಿರುವನು: ವಸ್ತುವನ್ನು ಇದ್ದಂತೆ ಕಂಡಿರಬೇಕು, ಕಂಡಂತೆ ತಿಳಿಸುವ ಇಚ್ಛೆಯಿರಬೇಕು. ಕಿರಣಚಿತ್ರಣದ ಅವಘಡಗಳಲ್ಲಿ ಕಂಡವನು ಸಾಮಾನ್ಯವಾಗಿ ಇದ್ದೇ ಇರುವನು, ಕೊರತೆಯಾಗುವುದು ಎರಡನೆಯದು. ದಿನಗೂಲಿಯ ಸಹಾಯಕನು, ಗುತ್ತಿಗೆಯನ್ನು ಕಳೆದುಕೊಳ್ಳಬಹುದಾದ ಒಡೆಯನು, ಕೆಲಸವು ನಿಂತೀತೆಂದು ಹೆದರುವ ಎಂಜಿನಿಯರನು, ಇವರಲ್ಲಿ ತಿಳಿಸುವ ಇಚ್ಛೆಯನ್ನು ನಿಯಮದ ಒಂದು ವಾಕ್ಯದಿಂದ ಹುಟ್ಟಿಸಲಾಗುವುದಿಲ್ಲ. ಹೇಳಿದವನಿಗೆ ಹಾನಿಯಾಗದೆಂಬ ಭರವಸೆಯಿಲ್ಲದ ಕಡೆ ವರದಿಯನ್ನು ನಿರೀಕ್ಷಿಸುವುದು ವ್ಯರ್ಥ. ವರದಿಯೆಂಬ ಮಾತಿಗೇ ಕಚೇರಿಯ ವಾಸನೆಯುಂಟು. ವರದಿ ಒಪ್ಪಿಸಿದನೆಂದರೆ ದೂರು ಹೇಳಿದನೆಂಬ ಧ್ವನಿಯು ಹಳ್ಳಿಯ ಕಿವಿಗೆ ಕೇಳಿಸುವುದು. ಶೀರ್ಷಿಕೆಯಲ್ಲಿ ನಿವೇದನವೆಂದದ್ದು ಈ ಕಾರಣದಿಂದ, ಆ ಪದವು ಚಲಾವಣೆಗೆ ಬಂದೀತೆಂಬ ಭ್ರಮೆಯಿಂದಲ್ಲ.

ವರದಿಯ ವಾಕ್ಯರಚನೆಯೂ ಪರಿಶೀಲನೆಗೆ ಯೋಗ್ಯವಾಗಿದೆ. ಕನ್ನಡದಲ್ಲಿ ಕರ್ತೃವನ್ನು ಮರೆಸುವುದು ಬಹು ಸುಲಭ. ‘ಸೋರ್ಸು ಬಿತ್ತು’, ‘ಕೊಂಡಿ ಕಳಚಿತು’, ‘ತಪ್ಪಾಯಿತು’ ಎಂದರೆ ವಾಕ್ಯವು ವ್ಯಾಕರಣಶುದ್ಧವಾಗಿಯೇ ಇದೆ. ಕೊಂಡಿಯನ್ನು ಕೂಡಿಸಿದವನಾರು, ಅಳೆಯದೆ ಹತ್ತಿರ ಹೋದವನಾರು, ಕೆಟ್ಟ ಮಾಪಕವನ್ನು ಕೊಟ್ಟು ಕಳಿಸಿದವನಾರು ಎಂಬುದು ಮಾತ್ರ ಅದರಲ್ಲಿಲ್ಲ. ಇದಕ್ಕೆ ಎದುರಾದ ದೋಷವು ‘ಕಾರ್ಮಿಕನ ಪ್ರಮಾದದಿಂದ’ ಎಂಬ ಒಂದೇ ಮಾತಿನಲ್ಲಿ ವಿಚಾರವನ್ನು ಮುಗಿಸುವುದು. ಪ್ರಮಾದಕ್ಕೆ ಅಮರಕೋಶವು ಹೇಳುವ ಅರ್ಥ ಅನವಧಾನತೆ. ಈಚಿನ ಕನ್ನಡದಲ್ಲಿ ಅದು ದೊಡ್ಡ ತಪ್ಪು, ಅನಾಹುತ ಎಂಬರ್ಥಕ್ಕೂ ಜಾರಿದೆ. ಹೀಗೆ ಕಾರಣವೂ ಕಾರ್ಯವೂ ಒಂದೇ ಪದದಲ್ಲಿ ಬೆರೆತುಹೋಗಿವೆ. ಅವಧಾನವು ಏಕೆ ತಪ್ಪಿತೆಂಬ ಪ್ರಶ್ನೆಯೇ ಮುಖ್ಯವಾದದ್ದು: ಎಷ್ಟನೆಯ ರಾತ್ರಿಯ ಕೆಲಸ, ಎಷ್ಟನೆಯ ಚಿತ್ರ, ಮಾಪಕದ ಬ್ಯಾಟರಿಯಲ್ಲಿ ಬಲವಿತ್ತೇ, ಜೊತೆಗಾರನಿದ್ದನೇ? 2002ರಲ್ಲಿ ಬೊಲಿವಿಯಾದ ಕೋಚಬಾಂಬಾದಲ್ಲಿ ಕೋಶವು ಒಳಸೇರದೆ ಹೊರಗೇ ಉಳಿದಿದ್ದ ಉಪಕರಣವನ್ನು, ಕೆಟ್ಟಿದೆಯೆಂದಷ್ಟೇ ಬಗೆದು, ಪ್ರಯಾಣಿಕರ ಬಸ್ಸಿನಲ್ಲಿ ಏರಿಸಿ ಲಾ ಪಾಸಿಗೆ ಕಳಿಸಿದರು. ಮಾಪಕವನ್ನು ಒಮ್ಮೆ ಹಿಡಿದಿದ್ದರೆ ಬಸ್ಸಿನ ಜನಕ್ಕೆ ಕಿರಣವು ತಗಲುತ್ತಿರಲಿಲ್ಲ. ಆ ಪ್ರಕರಣದ ವಿವರಗಳನ್ನು ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯು ಪುಸ್ತಕವಾಗಿ ಪ್ರಕಟಿಸಿದ್ದರಿಂದಲೇ ದೂರದ ದೇಶದ ತಪ್ಪು ಇಲ್ಲಿಯ ಪಾಠವಾಗಲು ಸಾಧ್ಯವಾಯಿತು.

ಎಚ್ಚರಿಕೆಯ ಫಲಕವೂ ಒಂದು ಬಗೆಯ ಶಬ್ದಪ್ರಮಾಣವೇ. ಮೂರೆಸಳಿನ ಚಿಹ್ನೆಯು 1946ರಲ್ಲಿ ಅಮೆರಿಕದ ಬರ್ಕಲಿಯ ಪ್ರಯೋಗಶಾಲೆಯಲ್ಲಿ ಹುಟ್ಟಿದ್ದು. ಕಲಿಯದವನ ಕಣ್ಣಿಗೆ ಅದು ಬೀಸುವ ಫ್ಯಾನಿನಂತೆ ತೋರಿದರೆ ಆಶ್ಚರ್ಯವಿಲ್ಲ. ಈ ಕಾರಣದಿಂದಲೇ 2007ರಲ್ಲಿ, ಪ್ರಬಲವಾದ ಕೋಶಗಳಿರುವ ಉಪಕರಣಗಳಿಗಾಗಿ, ತಲೆಬುರುಡೆಯನ್ನೂ ಓಡಿಹೋಗುವ ಮನುಷ್ಯನನ್ನೂ ಕೂಡಿಸಿದ ಕೆಂಪುನೆಲದ ಚಿಹ್ನೆಯನ್ನು ಹೊಸದಾಗಿ ಏರ್ಪಡಿಸಿದರು. ಚಿತ್ರದ ಕೆಳಗಿನ ಬರಹದ ಹೊಣೆಯು ಆಯಾ ಭಾಷೆಯವರದು. ‘ವಿಕಿರಣಶೀಲ ಪದಾರ್ಥಗಳ ಉಪಯೋಗವಿರುವುದರಿಂದ ಅನಧಿಕೃತ ಪ್ರವೇಶವನ್ನು ನಿಷೇಧಿಸಲಾಗಿದೆ’ ಎಂಬಂಥ ವಾಕ್ಯವನ್ನು ಓದಿ ಮುಗಿಸುವುದರೊಳಗೆ ಓದುವವನು ಹಗ್ಗವನ್ನು ದಾಟಿರುತ್ತಾನೆ. ‘ಒಳಗೆ ಬರಬೇಡಿ. ಬಿದ್ದ ಲೋಹವನ್ನು ಮುಟ್ಟಬೇಡಿ. ದೂರ ಸರಿದು ಪೋಲೀಸರಿಗೆ ತಿಳಿಸಿ’ ಎಂಬುದು ಸಾಹಿತ್ಯವಲ್ಲ. ಆದರೆ ಅಲ್ಲಿಗೆ ತಕ್ಕ ಕನ್ನಡ ಇದೇ. ಯಮಕನಮರಡಿಯ ಸುತ್ತಿನಲ್ಲಿ ಕನ್ನಡದೊಡನೆ ಮರಾಠಿಯಲ್ಲಿಯೂ ಅದಿರಬೇಕು. ಇಂಗ್ಲಿಷಿನಲ್ಲಿ ಮಾತ್ರ ಇದ್ದರೆ, ಅದು ತನಿಖೆಗೆ ಬರುವ ಅಧಿಕಾರಿಗಾಗಿ ಹಾಕಿದ ಫಲಕ.

ಅಂಥ ತುಂಡನ್ನು ಕಂಡವನು ಮುಟ್ಟದೆ ಹತ್ತಾರು ಮಾರು ಹಿಂದೆ ಸರಿದು, ಮಕ್ಕಳನ್ನು ಅತ್ತ ಸುಳಿಯಗೊಡದೆ, ಪೋಲೀಸರಿಗೂ ಕೆಲಸ ನಡೆಸುವವರಿಗೂ ಹೇಳಿ ಕಳುಹಿಸುವುದು ಸರಿಯಾದ ಕ್ರಮ. ಆಗಲೇ ಮುಟ್ಟಿದ್ದರೆ, ಯಾವ ಹೊತ್ತಿನಿಂದ ಯಾವ ಹೊತ್ತಿನವರೆಗೆ, ಯಾವ ಕೈಯಲ್ಲಿ ಅಥವಾ ಯಾವ ಕಿಸೆಯಲ್ಲಿ ಇತ್ತೆಂಬುದನ್ನು ನೆನಪಿಟ್ಟು ವೈದ್ಯನಿಗೆ ಹೇಳಬೇಕು. ಪೆಟ್ಟನ್ನು ಅಳೆಯಲು ಆ ವಿವರವೇ ಮುಖ್ಯವಾದ ಆಧಾರ. ಹುಕ್ಕೇರಿಯಲ್ಲಾಗಲಿ ಗೋಕಾಕದಲ್ಲಾಗಲಿ, ಬೆಂಕಿಯನ್ನು ಮುಟ್ಟದವನ ಬೆರಳಿನಲ್ಲಿಯೋ ತೊಡೆಯಲ್ಲಿಯೋ ಸುಟ್ಟ ಬೊಬ್ಬೆಯನ್ನು ಕಂಡ ವೈದ್ಯನು, ಹುಳು ಕಚ್ಚಿತೆಂದು ಬರೆಯುವ ಮೊದಲು ಒಂದು ಮಾತನ್ನು ಕೇಳಬಹುದು: ಈ ತಿಂಗಳಲ್ಲಿ ಹೊಳೆಯುವ ಕಬ್ಬಿಣದ ತುಂಡೇನಾದರೂ ಸಿಕ್ಕಿತ್ತೇನಪ್ಪಾ, ಅದನ್ನು ಎಲ್ಲಿಟ್ಟಿದ್ದೀ?